ದಿನಾ 18 ಕಿ.ಮೀ. ತುಳಿಯೋಕೆ ಎಂಥ ಸೈಕಲ್ ತಗೊಳ್ಳಲಿ? ಎಂಟಿಬಿ, ಹೈಬ್ರಿಡ್, ರೋಡ್ ಬೈಕ್ ನಡುವೆ ಗೊಂದಲ

ಹೊಸಗಾಲಿ:
ಎಲ್ಲರಿಗೂ ನಮಸ್ಕಾರ. ಕಾಲೇಜು ಮುಗಿದ ಮೇಲೆ ನಾನು ಸೈಕಲ್ ಮುಟ್ಟಿಲ್ಲ. ಈಗ ವಯಸ್ಸು 41, ತೂಕ 86 ಕೆ.ಜಿ., ಎತ್ತರ 168 ಸೆಂ.ಮೀ. ಮುಂದಿನ ತಿಂಗಳಿಂದ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗುವುದು ಅಂತ ತೀರ್ಮಾನ ಮಾಡಿದ್ದೇನೆ. ಒಂದು ಕಡೆಗೆ 9 ಕಿ.ಮೀ. ಬಹುಪಾಲು ಟಾರು ರಸ್ತೆ, ಆದರೆ ತೇಪೆ ಮೇಲೆ ತೇಪೆ, ಅಲ್ಲಲ್ಲಿ ಗುಂಡಿ. ಕೊನೆಯ ಒಂದು ಕಿ.ಮೀ. ಜಲ್ಲಿ ಹಾದಿ. ನಡುವೆ ಅರ್ಧ ಕಿ.ಮೀ. ಉದ್ದದ ಒಂದು ಏರು ಇದೆ, ನಡೆದು ಹತ್ತಿದರೂ ಉಸಿರು ಹತ್ತುವಂಥದ್ದು. ಲ್ಯಾಪ್‌ಟಾಪು, ಬದಲಿ ಬಟ್ಟೆ, ಡಬ್ಬಿ ಸೇರಿ 6 ಕೆ.ಜಿ. ಸಾಮಾನು. ಮಳೆಯಲ್ಲೂ ಹೋಗಲೇಬೇಕು.

ನನಗೆ ಇಷ್ಟವಾಗಿರೋದು ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಶನ್ ಇರುವ, 21 ಗೇರಿನ ಎಂಟಿಬಿ, ಅಂದರೆ ಮೌಂಟನ್ ಬೈಕ್. ಗುಂಡಿ ರಸ್ತೆಗೆ ಅದೇ ಸರಿ ಅನ್ನಿಸುತ್ತದೆ. ಗೆಳೆಯ ಸಪೂರ ಟೈರಿನ, ಬಾಗಿ ತುಳಿಯುವ ರೋಡ್ ಬೈಕ್ ತಗೋ ಅಂತಾನೆ. ಅಂಗಡಿಯಲ್ಲಿ ಇವೆರಡರ ನಡುವಿನ ಹೈಬ್ರಿಡ್ ಅಂದರು. ಮೂರು ಜನ ಮೂರು ದಾರಿ ತೋರಿಸಿದ್ದಾರೆ. ದಿನಾ ಓಡಿಸುವವರು ದಯವಿಟ್ಟು ಹೇಳಿ.

ಗಾಳಿಗುದುರೆ:
ಸ್ವಾಗತ. ನಾನು ಆರು ವರ್ಷದಿಂದ ರೋಡ್ ಬೈಕ್‌ನಲ್ಲೇ ಕೆಲಸಕ್ಕೆ ಹೋಗುತ್ತಿದ್ದೇನೆ, ನಿಮ್ಮ ಗೆಳೆಯರ ಮಾತಲ್ಲಿ ಹುರುಳಿದೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 15–20 ಕಿ.ಮೀ. ದಾಟಿದ ಮೇಲೆ ನಮ್ಮ ಶಕ್ತಿಯಲ್ಲಿ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ: ವೇಗ 20ರಿಂದ 25ಕ್ಕೆ ಹೋದರೆ ಆ ಲೆಕ್ಕ ಹತ್ತಿರ ಹತ್ತಿರ ಎರಡು ಪಟ್ಟು. ಬಾಗಿ ಕೂರುವ ಸೈಕಲ್‌ನಲ್ಲಿ ಎದೆಗೆ ಹೊಡೆಯುವ ಗಾಳಿ ಕಡಿಮೆ, ಎದುರುಗಾಳಿ ದಿನ ಅದರ ಬೆಲೆ ಗೊತ್ತಾಗುತ್ತದೆ.

ಆದರೆ ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ನನ್ನ ದಾರಿ ನುಣ್ಣಗಿದೆ. ನನ್ನ ಫ್ರೇಮಿನಲ್ಲಿ 28 ಮಿ.ಮೀ.ಗಿಂತ ಅಗಲದ ಟೈರು ಹಿಡಿಸುವುದಿಲ್ಲ, ಕ್ಯಾರಿಯರ್ ಕೂರಿಸಲು ತೂತುಗಳೇ ಇಲ್ಲ. ಜಲ್ಲಿ ಹಾದಿ, 6 ಕೆ.ಜಿ. ಸಾಮಾನು ಅಂದಿರಿ. ಬೆನ್ನಿಗೆ ಬ್ಯಾಗ್ ಹಾಕಿ 9 ಕಿ.ಮೀ. ಬಾಗಿ ತುಳಿದರೆ ಬೆನ್ನು ಪೂರ್ತಿ ಒದ್ದೆ. ನಿಮ್ಮ ದಾರಿಗೆ ನನ್ನ ಸೈಕಲ್ ಆಗಲಿಕ್ಕಿಲ್ಲ.

ಸ್ಪ್ಯಾನರ್ 15:
ನೋಡ್ರಿ ಸರ, ನಾ ಇಪ್ಪತ್ತ ವರ್ಷದಿಂದ ಸೈಕಲ್ ರಿಪೇರಿ ಮಾಡ್ತೀನಿ. ಹಿಂದ ಸಸ್ಪೆನ್ಶನ್ ಇರೋ ಅಗ್ಗದ ಸೈಕಲ್ ಮಾತ್ರ ತಗೋಬ್ಯಾಡ್ರಿ. ತುಳಿದಾಗೆಲ್ಲ ಸೀಟು ಮ್ಯಾಲ ಕೆಳಗ ಆಗ್ತದ, ನೀವು ಹಾಕಿದ ಬಲ ಸ್ಪ್ರಿಂಗ್ ತಿಂತದ. ಒಂದ ಮಳಿಗಾಲ ಕಳದ್ರ ಸಾಕು, ಹಿಂದಿನ ಕೀಲಿನ ಬುಶ್ ಸವದು ಗಾಲಿ ಆ ಕಡೆ ಈ ಕಡೆ ಅಲ್ಲಾಡ್ಲಿಕ್ಕೆ ಚಾಲೂ ಆಗ್ತದ. ಆ ಬುಶ್ ಅಳತಿ ಸಿಗೂದಿಲ್ಲ. ಕ್ಯಾರಿಯರ್ ಕಟ್ಟೋಣ ಅಂದ್ರ ಅದಕ್ಕ ಗಟ್ಟಿ ಜಾಗಾನೂ ಇರೂದಿಲ್ಲ.

ಒಳ್ಳೆ ದರ್ಜೆದು ಬ್ಯಾರೆ ಮಾತು. ಅದು ಗುಡ್ಡ ಇಳಿಯೋರಿಗೆ ಮಾಡಿದ್ದು. ನಿಮಗ ಬೇಕಾಗಿದ್ದು ಗುಂಡಿ ತಡ್ಕೊಳ್ಳೋ ಟೈರು. ಸ್ಪ್ರಿಂಗ್ ಅಲ್ಲ.

ಕಡ್ಡಿಚಕ್ರ:
ಸ್ಪ್ಯಾನರ್ ಅಣ್ಣ ಹೇಳಿದ ಕೊನೆಯ ಮಾತನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬಹಳ ಜನ ಎಡವುವುದು ಅಲ್ಲೇ.

ಎಂಟಿಬಿ, ಹೈಬ್ರಿಡ್, ರೋಡ್ ಅನ್ನೋದು ಮಾರುವವರು ಅಂಟಿಸುವ ಚೀಟಿ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಂದ ರೋವರ್ ಸೈಕಲ್ಲಿನಿಂದ ಈಚೆಗೆ ಮೂಲ ವಿನ್ಯಾಸ ಒಂದೇ: ಹೆಚ್ಚುಕಡಿಮೆ ಸಮ ಗಾತ್ರದ ಎರಡು ಗಾಲಿ, ನಡುವೆ ಪೆಡಲ್, ಚೈನಿನಿಂದ ತಿರುಗುವ ಹಿಂದಿನ ಗಾಲಿ. ಮಿಕ್ಕಿದ್ದೆಲ್ಲ ಒಂದೊಂದು ಉದ್ದೇಶಕ್ಕೆ ತಿದ್ದಿಕೊಂಡದ್ದು. ಎಂಟಿಬಿಯನ್ನೇ ತಗೊಳ್ಳಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೇ ಸೈಕಲ್‌ಗಳಲ್ಲಿ ಗುಡ್ಡ ಇಳಿಯುತ್ತಿದ್ದರು. ಒಂದು ಇಳಿಜಾರಿನ ಸ್ಪರ್ಧೆಗೆ ರೀಪ್ಯಾಕ್ ಅಂತಲೇ ಹೆಸರು, ಯಾಕೆಂದರೆ ಒಮ್ಮೆ ಇಳಿದರೆ ಹಿಂದಿನ ಹಬ್ (ಗಾಲಿಯ ನಡುವಿನ ಗುಂಬ) ಒಳಗಿನ ಬ್ರೇಕಿನ ಗ್ರೀಸು ಕಾದು ಸುಟ್ಟುಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಎಂಟಿಬಿ ಹುಟ್ಟಿದ್ದು ಆ ಕೆಲಸಕ್ಕೆ. ಕಲ್ಲುಬಂಡೆಗಳ ಮೇಲೆ ಗಾಲಿ ನೆಲ ಬಿಡದ ಹಾಗೆ ಹಿಡಿದಿಡಲು ಸಸ್ಪೆನ್ಶನ್ ಬಂತು. ಟಾರು ರಸ್ತೆಯ ಗುಂಡಿಗೆ ಅಷ್ಟೆಲ್ಲ ಬೇಕಿಲ್ಲ. ಮುಂದಿನ ಗಾಲಿಯನ್ನು ಹಿಡಿಯುವ ಕವಲು, ಅಂದರೆ ಫೋರ್ಕ್, ಅಗ್ಗದ ಸಸ್ಪೆನ್ಶನ್‌ನದ್ದಾದರೆ ಅದೊಂದೇ ಎರಡು ಕೆ.ಜಿ. ದಾಟುತ್ತದೆ, ಅದನ್ನು ನೀವು ದಿನಾ ಸುಮ್ಮನೆ ಹೊರುತ್ತೀರಿ.

ಟೈರಿನೊಳಗಿನ ಗಾಳಿಯೇ ಒಳ್ಳೆಯ ಸಸ್ಪೆನ್ಶನ್. 28 ಮಿ.ಮೀ. ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ ಇರುವ ಗಾಳಿ ಕಡಿಮೆ, ಹಾಗಾಗಿ ಕಲ್ಲಿನಂತೆ ಗಟ್ಟಿಯಾಗುವಷ್ಟು ಹೊಡೆಸಬೇಕು. ಇಲ್ಲದಿದ್ದರೆ ಗುಂಡಿಯ ಅಂಚಿಗೆ ಬಡಿದು ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು. 40 ಮಿ.ಮೀ. ಟೈರಿನಲ್ಲಿ ಕಡಿಮೆ ಒತ್ತಡ ಸಾಕು, ಜಲ್ಲಿಯ ಮೇಲೂ ಜಾರುವುದು ಕಡಿಮೆ. ಅಗಲ ಟೈರು ಅಂದರೆ ನಿಧಾನ ಅನ್ನುವ ನಂಬಿಕೆ ಇದೆ, ಆದರೆ ನಿಧಾನ ಮಾಡುವುದು ಎಂಟಿಬಿ ಟೈರಿನ ದಪ್ಪ ಗುಬ್ಬಿಗಳು. ಅವು ಟಾರಿನ ಮೇಲೆ ಗುಂಯ್ ಅನ್ನುತ್ತವಲ್ಲ, ಆ ಸದ್ದು ನಿಮ್ಮ ಕಾಲಿನ ಶಕ್ತಿಯಿಂದಲೇ ಬರುತ್ತಿರುವುದು. ಮೈ ನುಣ್ಣಗಿರುವ 40 ಮಿ.ಮೀ. ಟೈರು ಒರಟು ರಸ್ತೆಯಲ್ಲಿ ಸಣ್ಣ ಟೈರಿಗೆ ಸೋಲುವುದಿಲ್ಲ.

ಅಂಗಡಿಗೆ ಹೋದಾಗ ಮೊದಲು ಫೋರ್ಕಿನ ಸಂದಿನಲ್ಲಿ ಬೆರಳಿಟ್ಟು ನೋಡಿ. ಟೈರಿನ ಎರಡೂ ಬದಿಗೆ ಮತ್ತು ಮೇಲೆ ಜಾಗ ಇದೆಯೇ? ಅದರ ಮೇಲೆ ಮಡ್‌ಗಾರ್ಡ್ ಕೂರುತ್ತದೆಯೇ? ಸೈಕಲ್ಲಿನ ಹೆಸರು ಏನೇ ಇರಲಿ, ಆ ಸಂದು ಇದ್ದರೆ ನಿಮ್ಮ ದಾರಿಗೆ ಆಗುತ್ತದೆ.

ಸ್ಪ್ಯಾನರ್ 15:
ಖರೆ ಮಾತು. ಇನ್ನೊಂದು, ಟೈರಿನ ಅಳತಿ ಇಂಚಿನ್ಯಾಗ ನಂಬಬ್ಯಾಡ್ರಿ. 26 ಇಂಚು ಅಂತ ಹೇಳಿ ಎರಡು ಥರಾ ಟೈರು ಬರ್ತಾವ, ರಿಮ್ಮಿನ ಅಳತಿ ಒಂದರದು 559 ಮಿ.ಮೀ., ಇನ್ನೊಂದರದು 590. ಒಂದರದು ಇನ್ನೊಂದಕ್ಕ ಕೂಡೂದಿಲ್ಲ. 700ಸಿ ಮತ್ತ 29 ಇಂಚು ಅಂತಾರಲ್ಲ, ಅವು ಎರಡೂ 622, ರಿಮ್ ಒಂದ ವ್ಯಾಸ. ಟೈರಿನ ಬದಿಗೆ 40-622 ಅಂತ ಸಣ್ಣ ಅಕ್ಷರದಾಗ ಬರದಿರ್ತದ. ಮೊದಲಿನ ಅಂಕಿ ಅಗಲ, ಎರಡನೇದು ರಿಮ್ಮಿನ ಅಳತಿ. ಅದನ್ನ ನೋಡ್ರಿ. ನಿಮ್ಮ ದಾರ್ಯಾಗ ಸುಲಭಕ್ಕ ಸಿಗೋ ಟೈರು ಟ್ಯೂಬು ಯಾವುದು ಅಂತ ಮೊದಲ ವಿಚಾರ ಮಾಡ್ರಿ, ಆಮ್ಯಾಲ ಸೈಕಲ್.

ಹೊಸಗಾಲಿ:
ಇಷ್ಟು ಬೇಗ ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಿಂದಿನ ಸಸ್ಪೆನ್ಶನ್ ಆಸೆ ಬಿಟ್ಟೆ. ಇನ್ನು ಗೇರಿನ ವಿಷಯ. ಅಂಗಡಿಯಲ್ಲಿ ತೋರಿಸಿದ ಹೈಬ್ರಿಡ್‌ಗೆ ಮುಂದೆ ಒಂದೇ ಹಲ್ಲಿನ ಚಕ್ರ, ಹಿಂದೆ 8. ನಾನು ನೋಡಿದ್ದ ಎಂಟಿಬಿಗೆ 21. ಏರು ಹತ್ತಲು 8 ಸಾಕಾಗುತ್ತದೆಯೇ?

ಕಡ್ಡಿಚಕ್ರ:
ಗೇರನ್ನು ಎಣಿಸಬೇಡಿ, ಹಲ್ಲುಗಳನ್ನು ಎಣಿಸಿ.

ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿದರೆ ಪೆಡಲ್ ಒಂದು ಸುತ್ತು ಬಂದಾಗ ಗಾಲಿ ಎಷ್ಟು ಸುತ್ತುತ್ತದೆ ಅಂತ ಸಿಗುತ್ತದೆ. ಚೈನು ಬರುವ ಮುಂಚೆ ಜನ ಎತ್ತರದ ಗಾಲಿಯ ಸೈಕಲ್ ಹತ್ತುತ್ತಿದ್ದುದೂ ಇದಕ್ಕೇ: ಪೆಡಲ್ ನೇರವಾಗಿ ಮುಂದಿನ ಗಾಲಿಗೇ ಇತ್ತು, ಒಂದು ತುಳಿತಕ್ಕೆ ಹೆಚ್ಚು ದೂರ ಹೋಗಬೇಕೆಂದರೆ ಗಾಲಿಯನ್ನೇ ದೊಡ್ಡದು ಮಾಡಬೇಕಿತ್ತು. ಈಗ ಆ ಕೆಲಸ ಹಲ್ಲಿನ ಚಕ್ರಗಳು ಮಾಡುತ್ತವೆ.

ಸಾಮಾನ್ಯ 21 ಗೇರಿನ ಎಂಟಿಬಿಯಲ್ಲಿ ಮುಂದೆ 28, 38, 48. ಹಿಂದೆ 14ರಿಂದ 28. ಅತಿ ಹಗುರ ಗೇರು 28/28, ಅಂದರೆ 1. ಅತಿ ಭಾರದ್ದು 48/14, ಅಂದರೆ 3.43. ನೀವು ನೋಡಿದ ಹೈಬ್ರಿಡ್‌ನಲ್ಲಿ ಮುಂದೆ 38, ಹಿಂದೆ 11ರಿಂದ 34 ಅಂತ ಇಟ್ಟುಕೊಳ್ಳಿ. ಹಗುರದ್ದು 1.12, ಭಾರದ್ದು 3.45. ಎರಡಕ್ಕೂ ವ್ಯತ್ಯಾಸ ಎಷ್ಟು ಕಡಿಮೆ ನೋಡಿ. 21ರಲ್ಲಿ ಹಲವು ಗೇರು ಒಂದರ ಮೇಲೊಂದು ಬೀಳುತ್ತವೆ: 28/14 ಹಾಕಿದರೂ 2, 48/24 ಹಾಕಿದರೂ 2.

38/34ರಲ್ಲಿ ಪೆಡಲ್ ಒಂದು ಸುತ್ತಿಗೆ ಸುಮಾರು 2.4 ಮೀಟರ್ ಹೋಗುತ್ತೀರಿ. ನಿಮಿಷಕ್ಕೆ 60 ಸುತ್ತು ನಿಧಾನಕ್ಕೆ ತುಳಿದರೆ ಗಂಟೆಗೆ 9 ಕಿ.ಮೀ.ಗೆ ಸ್ವಲ್ಪ ಕಡಿಮೆ. ಏರಿನಲ್ಲಿ ಅಷ್ಟು ಸಾಕು. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್ ಮುಂದೆ ಇಲ್ಲದಿದ್ದರೆ ಒಂದು ಕೇಬಲ್ಲು, ಒಂದು ಲಿವರ್ರು, ಒಂದು ತಲೆನೋವು ಕಡಿಮೆ.

ಒಂದು ಮಾತ್ರ ವಿಚಾರಿಸಿ. ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್ಟೋ, ತಿರುಗಿಸಿ ಬಿಗಿಯುವ ತಿರುಪಿನ ಫ್ರೀವೀಲೋ? ತಿರುಪಿನ ಫ್ರೀವೀಲ್ ಇರುವ ಹಬ್‌ನಲ್ಲಿ ಬಲಗಡೆಯ ಬೇರಿಂಗು ಒಳಕ್ಕೆ ಇರುತ್ತದೆ, ಅದರಾಚೆ ಆಕ್ಸಲ್ಲು ಆಸರೆ ಇಲ್ಲದೆ ಹೊರಚಾಚಿರುತ್ತದೆ. 86 ಕೆ.ಜಿ. ಸವಾರ, ಮೇಲೆ ಸಾಮಾನು, ಗುಂಡಿ ರಸ್ತೆ ಅಂದರೆ ಆಕ್ಸಲ್ ಬಾಗುವುದು, ಮುರಿಯುವುದು ಉಂಟು. ನಿಮಗೆ ಕ್ಯಾಸೆಟ್ಟೇ ಇರಲಿ.

ಹಳೇಬೆಲ್ಲು:
ಹಬ್ ಗೇರನ್ನು ಯಾರೂ ಹೇಳಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ನನ್ನದು ಹಿಂದಿನ ಹಬ್ಬಿನೊಳಗೇ ಮೂರು ಗೇರು ಇರುವ, ನೆಟ್ಟಗೆ ಕೂತು ತುಳಿಯುವ ಸೈಕಲ್ಲು. ಗೇರುಗಳೆಲ್ಲ ಮುಚ್ಚಿದ ಡಬ್ಬಿಯೊಳಗೆ ಇರುವುದರಿಂದ ಮಣ್ಣು ನೀರು ತಾಕುವುದಿಲ್ಲ. ಚೈನಿಗೆ ಪೂರ್ತಿ ಮುಚ್ಚಳ, ಹಾಗಾಗಿ ಪ್ಯಾಂಟಿಗೆ ಕಲೆ ಇಲ್ಲ. ನಿಂತಲ್ಲೇ ಗೇರು ಬದಲಿಸಬಹುದು, ಸಿಗ್ನಲ್‌ನಲ್ಲಿ ಅದು ದೊಡ್ಡ ಅನುಕೂಲ. ನನ್ನ ದಾರಿ ಸಮತಟ್ಟು, 4 ಕಿ.ಮೀ. ನನಗೆ ಇದಕ್ಕಿಂತ ಬೇರೆ ಬೇಡ. ಮೂರು ಗೇರಿನ ಹಬ್ಬಿನಲ್ಲಿ ಅತಿ ಭಾರದ್ದು ಅತಿ ಹಗುರದ್ದಕ್ಕಿಂತ ಎರಡು ಪಟ್ಟೂ ಇರುವುದಿಲ್ಲ, ನಿಮ್ಮ ಏರಿಗೆ ಸಾಲದು. 8 ಗೇರಿನ ಹಬ್ಬಿನಲ್ಲಿ ಅದು ಮೂರು ಪಟ್ಟಾಗುತ್ತದೆ, ಆದರೆ ಹಿಂದಿನ ಗಾಲಿ ಭಾರ, ಬಿಚ್ಚಿ ರಿಪೇರಿ ಮಾಡುವವರು ಹತ್ತಿರ ಇರಬೇಕು.

ಎರಡು ಮಕ್ಕಳ ಅಮ್ಮ:
ನಾನು ಬೇರೆ ಕಡೆಯಿಂದ ನೋಡುತ್ತೇನೆ. ಹಿಂದೆ ಮಗಳನ್ನು ಕೂರಿಸಿಕೊಂಡು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುವವಳು ನಾನು. ಮೇಲಿನ ಬಾರ್ ಇಲ್ಲದ, ಕಾಲನ್ನು ಮುಂದಿನಿಂದಲೇ ದಾಟಿಸುವ ಫ್ರೇಮನ್ನು ಲೇಡೀಸ್ ಸೈಕಲ್ ಅನ್ನುತ್ತಾರಲ್ಲ, ಅದು ಸರಿಯಲ್ಲ. ಹಿಂದೆ ಮಗು ಅಥವಾ ದೊಡ್ಡ ಗಂಟು ಇದ್ದರೆ ಕಾಲನ್ನು ಹಿಂದಿನಿಂದ ಎತ್ತಿ ಹಾಕಲು ಯಾರಿಗೂ ಆಗುವುದಿಲ್ಲ, ಗಂಡಸಾಗಲಿ ಹೆಂಗಸಾಗಲಿ. ಮಂಡಿ ನೋವಿರುವ ನಮ್ಮ ಮಾವನವರೂ ಅದನ್ನೇ ಓಡಿಸುತ್ತಾರೆ.

ಸಾಮಾನು ಒಯ್ಯುವುದಾದರೆ ಖಾಲಿ ಸೈಕಲ್ ಓಡಿಸಿ ನೋಡಿ ಒಪ್ಪಬೇಡಿ. ನಿಮ್ಮ ಬ್ಯಾಗನ್ನೇ ತಗೊಂಡು ಹೋಗಿ, ಕ್ಯಾರಿಯರ್‌ಗೆ ಕಟ್ಟಿ, ಒಂದು ಸುತ್ತು ಹಾಕಿ. ಪಕ್ಕಕ್ಕೆ ಬ್ಯಾಗ್ ತೂಗುಹಾಕಿದಾಗ ಹಿಮ್ಮಡಿ ಅದಕ್ಕೆ ಬಡಿಯುತ್ತದೆಯೇ ನೋಡಿ. ಪೆಡಲ್ ನಡುವಿನಿಂದ ಹಿಂದಿನ ಆಕ್ಸಲ್‌ವರೆಗಿನ ದೂರ 44 ಸೆಂ.ಮೀ. ಆಸುಪಾಸು ಇದ್ದರೆ ಸಾಮಾನ್ಯವಾಗಿ ಬಡಿಯುವುದಿಲ್ಲ. ನಾನು ಮೊದಲು ತಗೊಂಡ ಸೈಕಲ್‌ನಲ್ಲಿ ಇದನ್ನು ನೋಡಲಿಲ್ಲ. ಪ್ರತಿ ತುಳಿತಕ್ಕೂ ಹಿಮ್ಮಡಿ ತಾಕಿ ಎಂಟು ತಿಂಗಳಲ್ಲಿ ಆ ಸೈಕಲ್ಲನ್ನೇ ಕೊಟ್ಟುಬಿಡಬೇಕಾಯಿತು. ಮತ್ತೆ ಸ್ಟ್ಯಾಂಡು: ಒಂಟಿ ಕಾಲಿನದು ಹಗುರ, ಆದರೆ ಮಗು ಹತ್ತಿಸಲು ಎರಡು ಕಾಲಿನದೇ ಬೇಕು.

ಮೂರನೇ ಮಹಡಿ:
ರಾತ್ರಿ ಸೈಕಲ್ ಎಲ್ಲಿ ಇಡುತ್ತೀರಿ ಅಂತ ಯಾರೂ ಕೇಳಿಲ್ಲ. ನಾನು ಮೆಟ್ಟಿಲು ಹತ್ತಿಸಿ ಮನೆಯೊಳಗೆ ಇಡುವವನು, ಅದಕ್ಕೇ ಮಡಚುವ ಸೈಕಲ್ ತಗೊಂಡೆ. 20 ಇಂಚಿನ ಗಾಲಿ, 12 ಕೆ.ಜಿ. ಬಸ್ಸು ರೈಲಿನ ಜೊತೆ ಹೊಂದಿಸಿಕೊಳ್ಳುವವರಿಗೆ ಇದಕ್ಕೆ ಸಮ ಇಲ್ಲ. ಆದರೆ ಸಣ್ಣ ಗಾಲಿ ಗುಂಡಿಯೊಳಗೆ ಹೆಚ್ಚು ಇಳಿಯುತ್ತದೆ. ದೊಡ್ಡ ಗಾಲಿ ದಾಟಿ ಹೋಗುವ ಗುಂಡಿಯಲ್ಲಿ ಇದು ಕುಕ್ಕುತ್ತದೆ. ನಿಮ್ಮ ಜಲ್ಲಿ ಹಾದಿಯಲ್ಲಿ ದಿನಾ ಇದನ್ನು ಓಡಿಸಿ ಅಂತ ಹೇಳಲಾರೆ.

ಹೊಸಗಾಲಿ:
ನಮ್ಮದು ನೆಲಮಹಡಿ, ಒಳಗೇ ಇಡಬಹುದು. ಹಾಗಾದರೆ ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾ? ಹೈಬ್ರಿಡ್‌ಗಳಲ್ಲಿ ಒಂದು 11, ಇನ್ನೊಂದು 14 ಕೆ.ಜಿ. ಮತ್ತೆ ಬ್ಯಾಟರಿ ಸೈಕಲ್ ಹೇಗೆ?

ಗಾಳಿಗುದುರೆ:
ತೂಕದ ಲೆಕ್ಕ ಮಾಡೋಣ. ನೀವು 86, ಸಾಮಾನು 6, ಸೈಕಲ್ 14, ಒಟ್ಟು 106. ಮೂರು ಕೆ.ಜಿ. ಇಳಿಸಿದರೆ ಶೇ. 3ಕ್ಕೂ ಕಡಿಮೆ. ಅರ್ಧ ಕಿ.ಮೀ. ಏರಿನಲ್ಲಿ ಆರೇಳು ಸೆಕೆಂಡು ಉಳಿಯುತ್ತದೆ, ಸಮತಟ್ಟಿನಲ್ಲಿ ಗೊತ್ತೇ ಆಗುವುದಿಲ್ಲ. ಮೆಟ್ಟಿಲು ಹತ್ತಿಸುವವರಿಗೆ ಮಾತ್ರ ಆ 3 ಕೆ.ಜಿ. ದೊಡ್ಡದು. ಹಗುರ ಮಾಡಲು ಹೋಗಿ ಕ್ಯಾರಿಯರ್, ಮಡ್‌ಗಾರ್ಡ್, ಲೈಟು ಬಿಡಬೇಡಿ.

ಬ್ಯಾಟರಿಯದ್ದು ಒಳ್ಳೆಯದೇ, ದೂರ ಜಾಸ್ತಿ ಇದ್ದರೆ ಅಥವಾ ಬೆವರದೆ ತಲುಪಬೇಕಿದ್ದರೆ. ಜೊತೆಯಲ್ಲಿ ತುಳಿಯುತ್ತಿದ್ದರೆ ಒಂದು ಕಿ.ಮೀ.ಗೆ ಸುಮಾರು 10 ವ್ಯಾಟ್-ಅವರ್ ಹಿಡಿಯಿರಿ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಅಂದರೆ 360 ವ್ಯಾಟ್-ಅವರ್, ನಿಮ್ಮ 18 ಕಿ.ಮೀ.ಗೆ ಧಾರಾಳ. ಆದರೆ ಸೈಕಲ್ 20 ಕೆ.ಜಿ. ಆಚೀಚೆ ಇರುತ್ತದೆ, ಚಾರ್ಜ್ ಮುಗಿದ ದಿನ ಅದನ್ನು ತುಳಿದೇ ಮನೆಗೆ ಬರಬೇಕು. 9 ಕಿ.ಮೀ.ಗೆ ಮೊದಲು ಕಾಲಲ್ಲಿ ತುಳಿದು ನೋಡಿ ಅನ್ನುವುದು ನನ್ನ ಅಭಿಪ್ರಾಯ. ಗಂಟೆಗೆ 18ರಂತೆ ಹೋದರೂ ಅರ್ಧ ಗಂಟೆ.

ಮಳೆದಾರಿ:
ಮಳೆಯಲ್ಲಿ ಹೋಗುವವರಿಗೆ ಬ್ರೇಕಿನ ಬಗ್ಗೆ ಒಂದು ಮಾತು. ರಿಮ್ಮನ್ನು ಹಿಡಿಯುವ ಬ್ರೇಕು ಒದ್ದೆಯಾದಾಗ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತದೆ, ಆಮೇಲೆ ಹಿಡಿಯುತ್ತದೆ. ರಸ್ತೆಯ ಮರಳು ಪ್ಯಾಡಿನಲ್ಲಿ ಸಿಕ್ಕಿ ರಿಮ್ಮನ್ನೇ ಸವೆಸುತ್ತದೆ. ಡಿಸ್ಕ್ ಬ್ರೇಕು ಗಾಲಿಯ ನಡುವೆ, ಮಣ್ಣಿನಿಂದ ದೂರ ಇರುವುದರಿಂದ ಈ ಕಾಟ ಕಡಿಮೆ. ಹೈಡ್ರಾಲಿಕ್ ಡಿಸ್ಕ್‌ನಲ್ಲಿ ಪ್ಯಾಡ್ ಸವೆದಷ್ಟೂ ತಾನೇ ಹೊಂದಿಕೊಳ್ಳುತ್ತದೆ. ಕೇಬಲ್ಲಿನದಾದರೆ ಆಗಾಗ ತಿರುಗಿಸಿ ಬಿಗಿ ಮಾಡಬೇಕು, ಆದರೆ ದಾರಿಯಲ್ಲಿ ಕೈಕೊಟ್ಟರೆ ಯಾರು ಬೇಕಾದರೂ ಸರಿಮಾಡಬಹುದು. ನಾನು ಎರಡನೆಯದನ್ನೇ ಇಟ್ಟುಕೊಂಡಿದ್ದೇನೆ.

ಮಡ್‌ಗಾರ್ಡ್ ಪೂರ್ತಿ ಉದ್ದದ್ದೇ ಇರಲಿ. ಸೀಟಿಗೆ ಸಿಕ್ಕಿಸುವ ಗಿಡ್ಡ ಪಟ್ಟಿ ಬೆನ್ನನ್ನು ಕಾಯುತ್ತದೆ ಅಷ್ಟೆ. ಚೈನಿಗೆ, ಬೂಟಿಗೆ, ಹಿಂದೆ ಬರುವವರ ಮುಖಕ್ಕೆ ಕೆಸರು ತಪ್ಪುವುದಿಲ್ಲ.

ಕಡ್ಡಿಚಕ್ರ:
ಎಲ್ಲ ಆಯ್ತು, ಅಳತೆ ಉಳಿಯಿತು. ತಪ್ಪು ಅಳತೆಯ ಒಳ್ಳೇ ಸೈಕಲ್ಲಿಗಿಂತ ಸರಿ ಅಳತೆಯ ಸಾಧಾರಣ ಸೈಕಲ್ ಎಷ್ಟೋ ಮೇಲು. ಸೈಕಲ್ ತಗೊಂಡು ಮೂರು ತಿಂಗಳಲ್ಲಿ ಮೂಲೆಗಿಟ್ಟವರನ್ನು ನಾನು ಬಹಳ ಕಂಡಿದ್ದೇನೆ, ಕೇಳಿದರೆ ಹೆಚ್ಚಿನವರದ್ದು ಮಂಡಿ, ಸೊಂಟ, ಅಂಗೈ ನೋವು. ಆ ನೋವು ಬಂದದ್ದು ಅಳತೆಯಿಂದ.

ಫ್ರೇಮಿನ ಆಚೆ ಒಂದು, ಈಚೆ ಒಂದು ಕಾಲು ಹಾಕಿ, ಎರಡೂ ಪಾದ ನೆಲಕ್ಕೂರಿ ನಿಲ್ಲಿ. ಮೇಲಿನ ಬಾರಿಗೂ ನಿಮಗೂ ನಡುವೆ ಎರಡು ಮೂರು ಬೆರಳಾದರೂ ಜಾಗ ಇರಬೇಕು. ಇನ್ನು ಸೀಟಿನ ಎತ್ತರ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಲ್ಲಿ ತುಳಿಯುವಾಗ ಮಂಡಿ ಸ್ವಲ್ಪ ಬಾಗಿರುತ್ತದೆ. ಹೊಸಬರು ಎರಡೂ ಪಾದ ನೆಲಕ್ಕೆ ಸಿಗಲಿ ಅಂತ ಸೀಟು ತಗ್ಗಿಸಿ ಕೂರುತ್ತಾರೆ; ಮಂಡಿಯ ಮುಂಭಾಗ ನೋವು ಶುರುವಾಗುವುದು ಹಾಗೆ. ಮಂಡಿಯ ಹಿಂದೆ ಎಳೆದರೆ ಸೀಟು ಎತ್ತರವಾಯಿತು ಅಂತ. ಕೈ ಚಾಚಿ ಚಾಚಿ ಹ್ಯಾಂಡಲ್ ಹಿಡಿಯಬೇಕಾದರೆ ಅಂಗೈ ಜೋಮು ಹಿಡಿಯುತ್ತದೆ. ಸೀಟು ಮೆತ್ತಗಿದ್ದಷ್ಟೂ ಸುಖ ಅನ್ನುವುದೂ ತಪ್ಪು. ಅರ್ಧ ಗಂಟೆ ಮೇಲೆ ಮೆತ್ತನೆಯದು ಒಳಕ್ಕೆ ಕುಸಿದು ಬೇಡದ ಕಡೆ ಒತ್ತುತ್ತದೆ. ಕೂರುವ ಮೂಳೆಗಳ ಅಗಲಕ್ಕೆ ಸರಿಯಾದ, ಸ್ವಲ್ಪ ಗಟ್ಟಿ ಸೀಟೇ ಒಳ್ಳೆಯದು.

ಹೊಸಗಾಲಿ:
ಐದು ವಾರದ ಮೇಲೆ ಬರೆಯುತ್ತಿದ್ದೇನೆ. ತಗೊಂಡದ್ದು ಹೈಬ್ರಿಡ್: ಗಟ್ಟಿ ಫೋರ್ಕು, 40-622 ಟೈರು, ಮುಂದೆ 38, ಹಿಂದೆ 11-34 ಕ್ಯಾಸೆಟ್ಟು, ಕೇಬಲ್ ಡಿಸ್ಕ್. ಕ್ಯಾರಿಯರ್, ಪೂರ್ತಿ ಮಡ್‌ಗಾರ್ಡ್ ಅವತ್ತೇ ಹಾಕಿಸಿದೆ. ಬ್ಯಾಗ್ ಕಟ್ಟಿ ಓಡಿಸಿ ನೋಡಿದೆ, ಹಿಮ್ಮಡಿ ಬಡಿಯಲಿಲ್ಲ. ಅಮ್ಮ ಅವರಿಗೆ ವಿಶೇಷ ಧನ್ಯವಾದ.

ಮೊದಲ ವಾರ 38 ನಿಮಿಷ, ಈಗ 30. ಏರನ್ನು ಮೊದಲ ಮೂರು ದಿನ ಇಳಿದು ತಳ್ಳಿದೆ, ನಾಲ್ಕನೇ ದಿನ ಕೂತೇ ಹತ್ತಿದೆ. ಆ ದಿನದ ಖುಷಿ ಹೇಳತೀರದು. ಗಾಳಿ ಹಿಂದೆ 55, ಮುಂದೆ 48 ಪಿಎಸ್‌ಐ ಇಟ್ಟಿದ್ದೇನೆ, ಪ್ರತಿ ಭಾನುವಾರ ನೋಡಿಕೊಳ್ಳುತ್ತೇನೆ. ಜಲ್ಲಿಯಲ್ಲಿ ಭಯ ಇಲ್ಲ. ಎರಡನೇ ವಾರ ಮಂಡಿ ಮುಂದೆ ನೋವು ಬಂತು. ಹಿಮ್ಮಡಿ ಇಟ್ಟು ನೋಡಿದರೆ ಸೀಟು ಮೂರು ಸೆಂ.ಮೀ. ತಗ್ಗಿತ್ತು. ಏರಿಸಿದೆ, ನಾಲ್ಕು ದಿನದಲ್ಲಿ ನೋವು ಹೋಯಿತು.

ಈಗ ಒಂದು ಪ್ರಶ್ನೆ. ಏರಿನಲ್ಲಿ ಜೋರಾಗಿ ತುಳಿದಾಗ ಹಿಂದಿನ ಗಾಲಿಯಿಂದ ಟಿಕ್ ಟಿಕ್ ಸದ್ದು ಬರುತ್ತಿದೆ. ಇಳಿಜಾರಿನಲ್ಲಿ ಇಲ್ಲ.

ಸ್ಪ್ಯಾನರ್ 15:
ಕಡ್ಡಿ ಕೂತಾವ ಸರ. ಹೊಸಾ ಗಾಲಿ ಒಂದ ತಿಂಗಳು ಓಡಿದ ಮ್ಯಾಲ ಕಡ್ಡಿ ಸಡಿಲ ಆಗೂದು ಇದ್ದದ್ದ. ಒಂದೊಂದ ಜೋಡಿ ಕಡ್ಡಿ ಬೆರಳಿನ್ಯಾಗ ಹಿಂಡಿ ನೋಡ್ರಿ, ಹಿಂದಿನ ಗಾಲಿ ಬಲಗಡೆದು ಎಡಗಡೆಗಿಂತ ಬಿಗಿ ಇರಬೇಕು, ಒಂದ ಕಡೆದು ಎಲ್ಲಾ ಒಂದ ಹದಕ್ಕ. ಸಡಿಲ ಕಂಡ್ರ ಅದ ಮ್ಯಾಲ ಓಡಿಸಬ್ಯಾಡ್ರಿ, ಒಂದು ಮುರದ್ರ ಬಾಜೂ ಕಡ್ಡಿ ಮ್ಯಾಲ ಭಾರ ಬಿದ್ದು ಅದೂ ಮುರೀತದ. ಗಾಲಿ ಕಟ್ಟೋರ ಕಡೆ ಹೋಗಿ ಬೆಂಡ್ ತಗಿಸಿ, ಆಯಾ ಕಡೆ ಕಡ್ಡಿ ಎಲ್ಲಾ ಸಮಾ ಬಿಗಿ ಮಾಡಿಸ್ರಿ. ಅರ್ಧ ತಾಸಿನ ಕೆಲಸ. ಹೋದಾಗ ಕ್ಯಾರಿಯರ್ ಬೋಲ್ಟೂ ಒಂದ್ಸಲ ಬಿಗಿ ಮಾಡಿಸಿಬಿಡ್ರಿ, ಅವೂ ಇಷ್ಟೊತ್ತಿಗೆ ಸಡಿಲ ಆಗಿರ್ತಾವ.